ಭಾವನೆ ನಿಭಾಯಿಸುವ ಪಾಠ: ಆನ್‌ಲೈನ್ ಕೋರ್ಸು, ಎನ್‌ವಿಸಿ ಗುಂಪು, ವಿಪಶ್ಯನ, ಕೋಚಿಂಗ್ ತರಗತಿ – ಯಾವುದು ಯಾರಿಗೆ?

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ನಮ್ಮ ಕೆಲಸದಲ್ಲಿ ಅರ್ಧ ಡ್ರಿಪ್ಪು, ಇಂಜೆಕ್ಷನ್ನು, ಕೇಸ್‌ಶೀಟು. ಉಳಿದರ್ಧ ಜನರ ಸಿಟ್ಟು, ಭಯ, ಅಳು. ಮೊದಲನೆಯದಕ್ಕೆ ನರ್ಸಿಂಗ್ ಕಾಲೇಜಿನಲ್ಲಿ ವರ್ಷಗಟ್ಟಲೆ ತರಬೇತಿ ಇರುತ್ತದೆ. ಎರಡನೆಯದನ್ನು ಡ್ಯೂಟಿಗೆ ಬಂದ ಮೇಲೆ ಅವರವರೇ ಕಲಿತುಕೊಳ್ಳಬೇಕು. ಐಸಿಯು ಬಾಗಿಲಲ್ಲಿ ಪೇಷೆಂಟ್ ಕಡೆಯವರು ಕೂಗಾಡುವಾಗ ಎದುರಿಗೆ ಹೇಗೆ ನಿಲ್ಲಬೇಕು? ಹೊಸದಾಗಿ ಸೇರಿದ ಹುಡುಗಿ ಡ್ಯೂಟಿ ರೂಮಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರೆ ಅವಳ ಹತ್ತಿರ ಏನಂತ ಮಾತು ತೆಗೆಯಬೇಕು? ಇದನ್ನು ಸರಿಯಾಗಿ ಕಲಿಯಬೇಕೆಂದು ಹಟ ಹಿಡಿದು, ಕೆಲವು ವರ್ಷಗಳಲ್ಲಿ ನಾಲ್ಕು ದಾರಿಗಳನ್ನು ನೋಡಿದ್ದೇನೆ. ನಾಲ್ಕರಲ್ಲಿ ಯಾವುದೂ ದಂಡವಾಗಲಿಲ್ಲ, ಆದರೆ ಒಂದು ಕೊಡುವುದನ್ನು ಇನ್ನೊಂದು ಕೊಡುವುದಿಲ್ಲ. ಸೇರುವ ಮೊದಲೇ ಅದು ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ರಜೆಯೂ ಉಳಿಯುತ್ತದೆ.

ಹೋಲಿಸುವುದಕ್ಕೆ ಒಂದು ಅಳತೆ ಬೇಕು. ಭಾವನಾತ್ಮಕ ಬುದ್ಧಿವಂತಿಕೆ ಎಂಬ ವಿಚಾರವನ್ನು 1990ರಲ್ಲಿ ಒಂದು ಪ್ರಬಂಧದ ಮೂಲಕ ಮನಃಶಾಸ್ತ್ರದ ಒಳಗೆ ತಂದವರು ಅಮೆರಿಕದ ಪೀಟರ್ ಸಾಲೋವೆ ಮತ್ತು ಜಾನ್ ಮೇಯರ್. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕದಿಂದ ಅದು ಮನೆಮಾತಾಯಿತು. ಸಾಲೋವೆ ಮತ್ತು ಮೇಯರ್ ಇದನ್ನು ಮುಂದೆ ನಾಲ್ಕು ಸಾಮರ್ಥ್ಯಗಳಾಗಿ ಬಿಡಿಸಿದರು. ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದನ್ನು ಬಳಸಿಕೊಳ್ಳುವುದು, ಅದು ಯಾಕೆ ಹುಟ್ಟಿತು ಮತ್ತು ಯಾವ ಕಡೆ ತಿರುಗುತ್ತದೆ ಎಂದು ತಿಳಿಯುವುದು, ಕೊನೆಗೆ ಅದನ್ನು ನಿಭಾಯಿಸುವುದು. ನನ್ನ ಅಳತೆಯೂ ಇದೇ. ಜೊತೆಗೆ ನನ್ನದೇ ಇನ್ನೊಂದು ಪ್ರಶ್ನೆ: ಕಲಿತದ್ದು ನೈಟ್ ಶಿಫ್ಟಿನ ಮೂರು ಗಂಟೆಗೆ, ನಿದ್ದೆಗೆಟ್ಟು ತಲೆ ಸಿಡಿಯುವಾಗ ಕೈಗೆ ಬರುತ್ತದೆಯೇ?

ಆನ್‌ಲೈನ್ ಕೋರ್ಸಿನಿಂದ ಶುರು ಮಾಡುತ್ತೇನೆ, ಹೆಚ್ಚಿನವರು ಶುರು ಮಾಡುವುದು ಅಲ್ಲಿಂದಲೇ. ನಾನು ಮಾಡಿದ್ದು ಕೋರ್ಸೆರಾ ಎಂಬ ಜಾಲತಾಣದಲ್ಲಿ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ರಿಚರ್ಡ್ ಬೊಯಾಟ್ಜಿಸ್ ಕಲಿಸುವ ಕೋರ್ಸು. ಅವರು ಒಂದು ವಿಷಯವನ್ನು ಮನಸ್ಸಿಗೆ ನಾಟುವಂತೆ ಹೇಳುತ್ತಾರೆ. ಒಬ್ಬರ ಕೊರತೆಗಳನ್ನು ಪಟ್ಟಿ ಮಾಡಿ 'ಇದನ್ನು ಸರಿಮಾಡಿಕೋ' ಎಂದರೆ ಅವರ ಮನಸ್ಸು ಮುಚ್ಚಿಕೊಳ್ಳುತ್ತದೆ. ಏನಾಗಬೇಕೆಂಬ ಆಸೆ ಇದೆ, ಯಾವುದನ್ನು ಕಂಡರೆ ಜೀವ ಎನ್ನುತ್ತೀರಿ ಎಂದು ಮೊದಲು ಕೇಳಿದರೆ ತೆರೆದುಕೊಳ್ಳುತ್ತದೆ. ಮೊದಲನೆಯದು ಹೇಳಿದಂತೆ ನಡೆಯುವ ಹಾಗೆ ಮಾಡುವ ಕೋಚಿಂಗ್, ಎರಡನೆಯದು ಕರುಣೆಯ ಕೋಚಿಂಗ್. ಬದುಕಿನಲ್ಲಿ ನಿಮ್ಮನ್ನು ಕೈಹಿಡಿದು ಮೇಲೆತ್ತಿದವರನ್ನು ನೆನೆಯಿರಿ, ಅವರು ಏನು ಹೇಳಿದರು, ಹೇಗೆ ನಡೆದುಕೊಂಡರು ಎಂದು ಬರೆಯಿರಿ ಎಂಬ ಅಭ್ಯಾಸ ಅದರಲ್ಲಿದೆ. ನನ್ನ ಹಾಳೆಯ ಮೇಲೆ ಮೊದಲು ಬಂದವರು ನಮ್ಮೂರಿನ ಹೈಸ್ಕೂಲಿನ ವಿಜ್ಞಾನದ ಟೀಚರು. ಅವರು ಒಮ್ಮೆಯೂ ನನ್ನ ತಪ್ಪು ಎಣಿಸಿದವರಲ್ಲ. ಆ ಒಂದು ಹಾಳೆಗಾಗಿ ಕೋರ್ಸು ಸಾರ್ಥಕ.

ಆದರೆ ವೀಡಿಯೊ ನೋಡುವವರ ಮುಖವನ್ನು ವೀಡಿಯೊ ನೋಡುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ, ಉದಾಹರಣೆಗಳು ಹೆಚ್ಚಾಗಿ ಕಂಪನಿಗಳ ಮ್ಯಾನೇಜರುಗಳದ್ದು. ರಸಪ್ರಶ್ನೆಯಲ್ಲಿ ಪೂರ್ತಿ ಅಂಕ ತೆಗೆದವಳು ಮರುದಿನ ಬೆಳಿಗ್ಗೆ ಹ್ಯಾಂಡೋವರ್‌ನಲ್ಲಿ, ಅಂದರೆ ಒಂದು ಶಿಫ್ಟಿನವರು ಮುಂದಿನವರಿಗೆ ಕೆಲಸ ಒಪ್ಪಿಸುವಾಗ, ಎಂದಿನ ದನಿಯಲ್ಲೇ ಮಾತಾಡಬಹುದು. ನಾಲ್ಕು ಸಾಮರ್ಥ್ಯಗಳಲ್ಲಿ ಮೂರನೆಯದಕ್ಕೆ, ಅಂದರೆ ತಿಳಿವಳಿಕೆಗೆ, ಇದು ಒಳ್ಳೆಯ ದಾರಿ. ಉಳಿದ ಮೂರಕ್ಕೆ ಅಷ್ಟಕ್ಕಷ್ಟೇ.

ಎನ್‌ವಿಸಿ ಅಂದರೆ ಅಹಿಂಸಾತ್ಮಕ ಸಂವಹನ. ಮಾರ್ಷಲ್ ರೋಸೆನ್‌ಬರ್ಗ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 1960ರ ದಶಕದಿಂದ ಬೆಳೆಸಿದ ಪದ್ಧತಿ ಇದು. ಕಂಡದ್ದನ್ನು ಹೇಳು, ಅದರಿಂದ ನಿನಗೆ ಏನನ್ನಿಸಿತು ಹೇಳು, ಅದರ ಹಿಂದಿನ ಅಗತ್ಯ ಏನು ಹೇಳು, ಆಮೇಲೆ ಸ್ಪಷ್ಟವಾಗಿ ಒಂದು ಕೋರಿಕೆ ಮುಂದಿಡು. ಹೀಗೆ ನಾಲ್ಕು ಹೆಜ್ಜೆ. ನಾನು ಸೇರಿದ್ದು ಭಾನುವಾರ ಸಂಜೆ ಝೂಮ್‌ನಲ್ಲಿ ಸೇರುವ ಸಣ್ಣ ಅಭ್ಯಾಸದ ಗುಂಪಿಗೆ. ಶುಲ್ಕ ಇರಲಿಲ್ಲ, ಇಷ್ಟವಿದ್ದವರು ಕಾಣಿಕೆ ಕೊಡುತ್ತಿದ್ದರು.

ಮೊದಲ ಹೆಜ್ಜೆಯೊಂದೇ ನಮ್ಮ ವಾರ್ಡಿನ ಮಾತಿನ ಧಾಟಿ ಬದಲಿಸಿದೆ ಎಂದರೆ ಹೆಚ್ಚು ಹೇಳಿದಂತಾಗದು. 'ನೀನು ಯಾವಾಗಲೂ ಲೇಟು' ಎಂದರೆ ಜಗಳಕ್ಕೆ ಬಾಗಿಲು ತೆರೆದಂತೆ. ಯಾವಾಗಲೂ ಅಲ್ಲ ಮೇಡಂ, ಸೋಮವಾರ ಸರಿಯಾಗಿ ಬಂದಿದ್ದೆ ಎಂಬ ವಾದ ಮರುಕ್ಷಣವೇ ಎದ್ದು ಬರುತ್ತದೆ. 'ಈ ವಾರ ಮೂರು ದಿನ ಎಂಟೂಕಾಲು ದಾಟಿದ ಮೇಲೆ ಬಂದೆಯಮ್ಮ, ನೈಟ್‌ನವರು ಅಲ್ಲಿಯವರೆಗೂ ಕಾಯುತ್ತಾ ಕೂತಿದ್ದರು' ಎಂದಾಗ ವಾದಕ್ಕೆ ಜಾಗವಿಲ್ಲ. ಆ ಹುಡುಗಿ ತಾನಾಗಿಯೇ ಹರಿಹರದ ಬಸ್ಸಿನ ಕಥೆ ಹೇಳಿದಳು. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಅವಳ ಶಿಫ್ಟು ಬದಲಾಯಿತು, ಅಷ್ಟೇ.

ಎರಡನೇ, ಮೂರನೇ ಹೆಜ್ಜೆಗಳು ನಮ್ಮ ಮನೆಗಳಲ್ಲಿ ಅಷ್ಟು ಸಲೀಸಲ್ಲ. ಅತ್ತೆಯ ಎದುರು ಕೂತು 'ನೀವು ಹಾಗೆ ಅಂದಾಗ ನನಗೆ ನೋವಾಯಿತು, ಯಾಕೆಂದರೆ ನನಗೆ ಗೌರವದ ಅಗತ್ಯವಿದೆ' ಎಂದು ಸೂತ್ರದಂತೆ ಒಪ್ಪಿಸಿದರೆ ಅವರಿಗೆ ಅದು ಎದುರುತ್ತರವಾಗಿಯೇ ಕೇಳುತ್ತದೆ. ಅದೇ ಅಡುಗೆಮನೆಯಲ್ಲಿ ಒಟ್ಟಿಗೆ ಸೊಪ್ಪು ಬಿಡಿಸುತ್ತಾ 'ಅತ್ತೆ, ನಿನ್ನೆ ಎಲ್ಲರ ಮುಂದೆ ಹಾಗಂದ್ರಲ್ಲ, ರಾತ್ರಿಯೆಲ್ಲಾ ಅದೇ ತಲೇಲಿತ್ತು' ಎಂದರೆ ಕೇಳಿಸಿಕೊಳ್ಳುತ್ತಾರೆ. ಹೆಜ್ಜೆಗಳು ಅವೇ, ಮಾತು ನಮ್ಮದಾಗಬೇಕು. ನಮ್ಮ ಗುಂಪಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರಿಂದ ಈ ಹದವನ್ನು ಅಲ್ಲಿ ಯಾರೂ ಕಲಿಸಲಿಲ್ಲ, ಮನೆಯಲ್ಲೇ ಕಲಿಯಬೇಕಾಯಿತು.

ವಿಪಶ್ಯನ ಈ ಎರಡಕ್ಕೂ ಪೂರ್ತಿ ಬೇರೆ ಜಾತಿ. ಮ್ಯಾಂಡಲೆಯಲ್ಲಿ ಹುಟ್ಟಿ, ಬರ್ಮಾದ ಸಯಾಜಿ ಉ ಬಾ ಖಿನ್ ಅವರಲ್ಲಿ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದ ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ಧ್ಯಾನ ಶಿಬಿರ. ಬೆಂಗಳೂರಿನ ಹೊರವಲಯದಲ್ಲಿ ಧಮ್ಮ ಪಫುಲ್ಲ ಕೇಂದ್ರವಿದೆ. ಬೆಳಗಿನ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಫೋನಿಲ್ಲ, ಓದುಬರಹವಿಲ್ಲ. ಮೊದಲ ಮೂರು ದಿನ ಉಸಿರನ್ನಷ್ಟೇ ಗಮನಿಸುವುದು, ನಾಲ್ಕನೆಯ ದಿನದಿಂದ ಮೈಯ ಮೇಲಿನ ಸಂವೇದನೆಗಳನ್ನು ತಲೆಯಿಂದ ಪಾದದವರೆಗೆ ನೋಡುತ್ತಾ ಹೋಗುವುದು. ಆಮೇಲೆ ದಿನಕ್ಕೆ ಮೂರು ಸಲ ಒಂದು ಗಂಟೆ ಕದಲದೆ ಕೂರುವ ಅಧಿಷ್ಠಾನ. ಸಂಜೆ ಹೊಸಬರಿಗೆ ಚಹಾ ಮತ್ತು ಹಣ್ಣು. ಊಟ ವಸತಿಗೆ ಹಣ ಕೇಳುವುದಿಲ್ಲ, ಶಿಬಿರ ಮುಗಿಸಿದವರು ಮನಸ್ಸಿದ್ದರೆ ದಾನ ಕೊಡಬಹುದು.

ಇಲ್ಲಿ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ. ಸಿಟ್ಟು ಬಾಯಿಗೆ ಬರುವ ಮೊದಲು ಮೈಗೆ ಬರುತ್ತದೆ. ನನಗೆ ಅದು ದವಡೆಯ ಬಿಗಿತ, ಕಿವಿಯ ಹಿಂದೆ ಬಿಸಿ. ಮೊಣಕಾಲು ಉರಿಯುತ್ತಿದ್ದರೂ ಕದಲದೆ ಕೂತು, ಆ ಉರಿ ಹೆಚ್ಚಿ ತಗ್ಗುವುದನ್ನು ಕಣ್ಣಾರೆ ಕಂಡವರಿಗೆ, ಪೇಷೆಂಟ್ ಕಡೆಯವರು ಬೆರಳು ತೋರಿಸಿ ಕೂಗುವಾಗ ದವಡೆ ಬಿಗಿಯುವುದು ಗೊತ್ತಾಗುತ್ತದೆ. ಗೊತ್ತಾದ ಆ ಅರೆಗಳಿಗೆಯಲ್ಲಿ ಮಾತು ಆರಿಸಿಕೊಳ್ಳಲು ಸಮಯ ಸಿಗುತ್ತದೆ. ಗುರುತಿಸುವುದಕ್ಕೂ ನಿಭಾಯಿಸುವುದಕ್ಕೂ ಇದರಷ್ಟು ಗಟ್ಟಿಯಾದ ತರಬೇತಿ ನಾನು ಕಂಡಿಲ್ಲ. ನೈಟ್ ಶಿಫ್ಟಿನ ಮೂರು ಗಂಟೆಯ ಪರೀಕ್ಷೆಯಲ್ಲಿ ಪಾಸಾದದ್ದು ಇದೇ.

ಆದರೆ ಇನ್ನೊಬ್ಬರ ಜೊತೆ ಹೇಗೆ ಮಾತಾಡಬೇಕು ಎಂಬುದು ಇದರ ಪಠ್ಯವೇ ಅಲ್ಲ. ಹತ್ತು ದಿನ ರಜೆ ಹೊಂದಿಸುವುದು ನಮ್ಮಂಥವರಿಗೆ ದೊಡ್ಡ ಮಾತು. ಮನೆಗೆ ಬಂದ ಮೇಲೆ ದಿನವೂ ಕೂರದಿದ್ದರೆ ಹರಿತ ಮೊಂಡಾಗುತ್ತದೆ. ಇನ್ನೊಂದು ಎಚ್ಚರ: ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರಿಗೆ ಇದು ತಕ್ಕದ್ದಲ್ಲ. ಅರ್ಜಿಯಲ್ಲೇ ಆರೋಗ್ಯದ ವಿವರ ಕೇಳುತ್ತಾರೆ, ಮುಚ್ಚಿಡದೆ ಬರೆಯಬೇಕು.

ಇನ್ನು ಕೋಚಿಂಗ್ ತರಗತಿ. ಇದರ ಬಗ್ಗೆ ನನಗೆ ಹೇಳಲು ಹೆಚ್ಚು ಇದೆ.

ಕೋಚಿಂಗ್ ಎಂದರೆ ಸಲಹೆ ಕೊಡುವುದಲ್ಲ, ಎದುರಿನವರು ತಮ್ಮ ದಾರಿ ತಾವೇ ಕಂಡುಕೊಳ್ಳುವಂತೆ ಪ್ರಶ್ನೆ ಕೇಳುವುದು, ಕೇಳಿ ಸುಮ್ಮನಿರುವುದು. ಹೆಚ್ಚಿನ ತರಗತಿಗಳಲ್ಲಿ ಮೊದಲು ಕಲಿಸುವುದು ಗ್ರೋ ಎಂಬ ಚೌಕಟ್ಟು. ರೇಸ್ ಕಾರು ಓಡಿಸುತ್ತಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ 1992ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದ ಮೂಲಕ ಇದನ್ನು ಎಲ್ಲೆಡೆ ಹರಡಿದರು. ಏನು ಬೇಕು, ಈಗ ಸ್ಥಿತಿ ಹೇಗಿದೆ, ಯಾವ ಯಾವ ದಾರಿಗಳಿವೆ, ಯಾವುದನ್ನು ಯಾವಾಗ ಮಾಡುತ್ತೀರಿ. ಕೇಳಲು ಇಷ್ಟೇ. ಮಾಡಲು ಹೋದಾಗ ನಾಲಿಗೆ ತುದಿಯಲ್ಲಿ ಸಲಹೆ ಸಾಲುಗಟ್ಟಿ ನಿಂತಿರುತ್ತದೆ.

ನಾನು ಸೇರಿದ್ದು ಬೆಂಗಳೂರಿನಲ್ಲಿ ವಾರಾಂತ್ಯಗಳಲ್ಲಿ ನಡೆಯುತ್ತಿದ್ದ ಒಂದು ಚಿಕ್ಕ ತರಬೇತಿಗೆ. ಅದರ ಜೀವ ಇದ್ದದ್ದು ಮೂವರ ಅಭ್ಯಾಸದಲ್ಲಿ. ಒಬ್ಬರು ಕೋಚ್, ಒಬ್ಬರು ತಮ್ಮದೇ ನಿಜವಾದ ತೊಂದರೆ ಹೇಳುವವರು, ಮೂರನೆಯವರು ಹಾಳೆ ಹಿಡಿದು ನೋಡುವವರು. ಒಂದು ಸಲ ನೋಡುವ ಸರದಿ ನನ್ನದು. ಬಟ್ಟೆ ಅಂಗಡಿ ನಡೆಸುವ ಒಬ್ಬರು, ಅಂಗಡಿಯನ್ನು ತನಗೆ ವಹಿಸಿಕೊಟ್ಟ ಮೇಲೂ ಅಪ್ಪ ದಿನಾ ಬಂದು ಗಲ್ಲಾಪೆಟ್ಟಿಗೆಯ ಹತ್ತಿರ ಕೂರುತ್ತಾರೆ ಎಂದು ಹೇಳಿಕೊಳ್ಳುತ್ತಿದ್ದರು. ಕೋಚ್ ಆಗಿದ್ದವರು ಕಾಲೇಜಿನ ಮೇಡಂ. 'ಅಪ್ಪನ ಹತ್ತಿರ ಒಂದು ಸಲ ನೇರವಾಗಿ ಮಾತಾಡಿಬಿಡಬಹುದಲ್ಲ ಸರ್?' ಎಂದರು. ಅಂಗಡಿಯವರು 'ಹ್ಞೂಂ, ನೋಡ್ಬೇಕು' ಎಂದು ಕುರ್ಚಿಗೆ ಒರಗಿದರು, ಕೈ ಕಟ್ಟಿದರು. ನಾನು ಹಾಳೆಯಲ್ಲಿ ಬರೆದುಕೊಂಡೆ: ಕೈ ಕಟ್ಟಿದರು. ಮೇಡಂ ಅದನ್ನು ತಾವೂ ಗಮನಿಸಿರಬೇಕು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ 'ಅವರು ಬಂದು ಕೂತಾಗ ನಿಮಗೆ ಏನಾಗುತ್ತೆ?' ಎಂದು ಕೇಳಿದರು. ಆ ಮನುಷ್ಯ ಮುಂದಕ್ಕೆ ಬಾಗಿದರು. 'ಲೆಕ್ಕದ ಪುಸ್ತಕ ಮುಚ್ಚಿಡ್ತೀನಿ ಮೇಡಂ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಮುಚ್ಚಿಟ್ಟಂಗೆ.' ಅಲ್ಲಿಂದ ಮಾತು ಅಪ್ಪನನ್ನು ಬಿಟ್ಟು ಅವರ ಭಯದ ಕಡೆ ತಿರುಗಿತು. ಕೊನೆಗೆ ಅವರೇ ಹೇಳಿದರು, ಪ್ರತಿ ಶನಿವಾರ ಸಂಜೆ ಲೆಕ್ಕವನ್ನು ನಾನೇ ಅಪ್ಪನ ಮುಂದಿಡುತ್ತೇನೆ ಎಂದು. ಅದು ಯಾರೂ ಕೊಟ್ಟ ಸಲಹೆಯಲ್ಲ.

ಮೊದಲ ಪ್ರಶ್ನೆ ಪ್ರಶ್ನೆಯ ವೇಷದ ಸಲಹೆ, ಎರಡನೆಯದು ನಿಜವಾದ ಪ್ರಶ್ನೆ. ಈ ವ್ಯತ್ಯಾಸವನ್ನು ಯಾವ ವೀಡಿಯೊ ಹೇಳಿದರೂ ತಲೆಗೆ ಹೋಗುತ್ತದೆ, ಕೈಗೆ ಬರುವುದಿಲ್ಲ. ಕೈಗೆ ಬರುವುದು ಮೂರನೆಯವರೊಬ್ಬರು ಪಕ್ಕದಲ್ಲಿ ಕೂತು, ಯಾವ ಮಾತಿಗೆ ಎದುರಿನವರು ಹಿಂದೆ ಸರಿದರು, ಯಾವುದಕ್ಕೆ ಮುಂದೆ ಬಂದರು ಎಂದು ತೋರಿಸಿಕೊಟ್ಟಾಗ. ಉಳಿದ ಮೂರೂ ದಾರಿಗಳಲ್ಲಿ ಕೊರತೆ ಇದ್ದದ್ದು ಈ ಮೂರನೆಯ ಕಣ್ಣಿನದೇ.

ಖರ್ಚಿನ ವಿಷಯಕ್ಕೆ ಬಂದರೆ ಇದೇ ಎಲ್ಲಕ್ಕಿಂತ ದುಬಾರಿ. 1995ರಲ್ಲಿ ಶುರುವಾದ ಐಸಿಎಫ್ ಎಂಬ ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಇರುವ ತರಬೇತಿಗಳನ್ನು ವಿಚಾರಿಸಿ ನೋಡಿದೆ, ಲಕ್ಷ ರೂಪಾಯಿ ದಾಟಿದವೇ ಹೆಚ್ಚು. ಅವರ ಮೊದಲ ಹಂತದ ಪ್ರಮಾಣಪತ್ರ ಎಸಿಸಿಗೆ 60 ಗಂಟೆಯ ತರಬೇತಿ ಮತ್ತು 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಅದರ ಮೇಲಿನ ಪಿಸಿಸಿಗೆ 125 ಗಂಟೆಯ ತರಬೇತಿ, 500 ಗಂಟೆಯ ಅನುಭವ. ಕೋಚಿಂಗನ್ನೇ ವೃತ್ತಿ ಮಾಡಿಕೊಳ್ಳುವವರು ಇದಕ್ಕೆ ದುಡ್ಡು ಹಾಕಲಿ. ಆದರೆ ಕಾನೂನಿನ ಪ್ರಕಾರ ಯಾರು ಬೇಕಾದರೂ ಕೋಚ್ ಎಂದು ಬೋರ್ಡು ಹಾಕಿಕೊಳ್ಳಬಹುದಾದ್ದರಿಂದ, ಎರಡೇ ದಿನದಲ್ಲಿ ನಿಮ್ಮನ್ನು 'ಲೈಫ್ ಕೋಚ್' ಮಾಡಿ ಕಳಿಸುತ್ತೇವೆ ಎನ್ನುವವರಿಂದ ದೂರವಿರಿ. ಸೇರುವ ಮುನ್ನ ಒಂದೇ ಪ್ರಶ್ನೆ ಕೇಳಿ: ನಾನು ಕೋಚ್ ಮಾಡುವುದನ್ನು ನಿಮ್ಮವರು ಎಷ್ಟು ಸಲ ಕೂತು ನೋಡಿ ತಿದ್ದುತ್ತಾರೆ? ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ.

ವೃತ್ತಿ ಬೇಡ, ಮನೆಯಲ್ಲಿ, ಕೆಲಸದಲ್ಲಿ ಚೆನ್ನಾಗಿ ನಡೆದುಕೊಂಡರೆ ಸಾಕು ಎನ್ನುವವರು ಮೂವರ ಅಭ್ಯಾಸವನ್ನು ತಾವೇ ಮಾಡಿಕೊಳ್ಳಬಹುದು. ನಮ್ಮ ವಾರ್ಡಿನಲ್ಲಿ ಈಗ ಅದನ್ನೇ ಮಾಡುತ್ತಿದ್ದೇವೆ. ಬುಧವಾರ ಮಧ್ಯಾಹ್ನದ ಹ್ಯಾಂಡೋವರ್ ಮುಗಿದ ಮೇಲೆ ಮೂವರು ಡ್ಯೂಟಿ ರೂಮಿನಲ್ಲಿ ಕೂರುತ್ತೇವೆ. ಹತ್ತು ನಿಮಿಷ ಮಾತು, ಐದು ನಿಮಿಷ ನೋಡಿದವರ ಹಾಳೆ. ಹಾಳೆಯಲ್ಲಿ ತೀರ್ಪು ಬರೆಯುವಂತಿಲ್ಲ, ಕಂಡದ್ದು ಕೇಳಿದ್ದು ಮಾತ್ರ. ಎನ್‌ವಿಸಿಯ ಮೊದಲ ಹೆಜ್ಜೆ ಇಲ್ಲಿ ನೆರವಿಗೆ ಬರುತ್ತದೆ. 'ಚೆನ್ನಾಗಿ ಕೇಳಿಸಿಕೊಂಡಿರಿ' ಎಂದು ಬರೆದರೆ ಹೊಡೆದುಹಾಕುತ್ತೇವೆ, 'ಅವಳು ಮಾತು ನಿಲ್ಲಿಸಿದಾಗ ನೀವು ಕಾದಿರಿ' ಎಂದರೆ ಉಳಿಸಿಕೊಳ್ಳುತ್ತೇವೆ. ಪೇಷೆಂಟ್‌ಗಳ ಹೆಸರು, ಡಾಕ್ಟರುಗಳ ಮೇಲಿನ ದೂರು ಇಲ್ಲಿ ಬರುವಂತಿಲ್ಲ. ಇಲ್ಲಿ ಆಡಿದ್ದು ಹೊರಗೆ ಹೋಗುವಂತಿಲ್ಲ. ಮೊದಮೊದಲು ನಾನು ಇನ್‌ಚಾರ್ಜ್ ಎಂಬ ಕಾರಣಕ್ಕೆ ಚಿಕ್ಕವರು ನನ್ನ ಬಗ್ಗೆ ಬರೆಯಲು ಹಿಂಜರಿಯುತ್ತಿದ್ದರು. ಹಿರಿಯ ಸಿಸ್ಟರ್ ಒಬ್ಬರು 'ಬರಿಯೇ ಪುಟ್ಟಾ, ಅವರೂ ಕಲಿಯೋಕೇ ಕೂತಿರೋದು' ಎಂದ ಮೇಲೆ ಪೆನ್ನು ಓಡತೊಡಗಿತು.

ಒಂದು ಗಡಿಯನ್ನು ಮಾತ್ರ ಖಡಾಖಂಡಿತ ಇಟ್ಟುಕೊಂಡಿದ್ದೇವೆ. ನಿದ್ದೆ, ಊಟ ವಾರಗಟ್ಟಲೆ ಬಿಟ್ಟವರು, ಬದುಕೇ ಬೇಡ ಎನ್ನುವ ಮಾತಾಡಿದವರು ಈ ಅಭ್ಯಾಸಕ್ಕೆ ಸೇರಿದವರಲ್ಲ. ಅಂಥವರ ಹತ್ತಿರ ಗ್ರೋ ಚೌಕಟ್ಟು ಹಿಡಿದು ಕೂರಬಾರದು. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು, ಅಲ್ಲಿಯವರೆಗೆ ಒಬ್ಬರನ್ನೇ ಬಿಡಬಾರದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಡ್ಯೂಟಿ ರೂಮಿನ ಹಲಗೆಯ ಮೇಲೆ, ಶಿಫ್ಟ್ ಪಟ್ಟಿಯ ಪಕ್ಕದಲ್ಲೇ ಅಂಟಿಸಿದ್ದೇವೆ.