ತೊಗಲು, ಮರ, ಉಕ್ಕು: ಕತ್ತಿಗೆ ಯಾವ ಒರೆ?

ಲೀಡ್ಸ್‌ಗೆ ಬಂದ ಮೇಲೆ ಹಳೆಯ ಯುರೋಪಿನ ಕತ್ತಿವರಸೆ ಕಲಿಯತೊಡಗಿದೆ. ಇಲ್ಲಿ ಎಲ್ಲರ ಮಾತೂ ಅಲಗಿನ ಬಗ್ಗೆಯೇ. ಒರೆಯ ಸುದ್ದಿ ಯಾರೂ ಎತ್ತುವುದಿಲ್ಲ. ಹಳೆಯ ಒರೆಗಳು ಉಳಿದಿರುವುದೂ ಕಡಿಮೆ. ಮರ, ತೊಗಲು ಮಣ್ಣಲ್ಲಿ ಕೊಳೆತು ಹೋಗುತ್ತವೆ ಅಲ್ವಾ? ಹಾಗಾಗಿ ಕಳೆದ ವರ್ಷ ಮೂರು ಬಗೆಯ ಒರೆಗಳನ್ನು ಸೊಂಟಕ್ಕೆ ಕಟ್ಟಿ ನೋಡಿದೆ.

ಮೊದಲನೆಯದು ಬರೀ ತೊಗಲಿನದು. ಹಗುರ, ಹೊಲಿಯುವುದೂ ಸುಲಭ. 18ನೇ ಶತಮಾನದ ಕಾಲಾಳುಗಳ ಗಿಡ್ಡ ಕತ್ತಿಗೆ ಇಂಥ ಒರೆ ಸಾಮಾನ್ಯವಾಗಿತ್ತು. ನನ್ನ ನೇರ ಕತ್ತಿಗೆ ಇದು ಹೊಂದಲಿಲ್ಲ. ಒಂದು ವಾರದ ಮಳೆಗೆ ಮೆತ್ತಗಾಗಿ ನಡುವೆ ಬಾಗಿತು. ಕತ್ತಿಯ ಮೊನೆ ಹೊಲಿಗೆಗೆ ಸಿಕ್ಕಿಕೊಳ್ಳುತ್ತಿತ್ತು. ನಾಲ್ಕು ದಿನ ಒಳಗೇ ಬಿಟ್ಟಿದ್ದಕ್ಕೆ ಅಲಗಿನ ಮೇಲೆ ತುಕ್ಕಿನ ಚುಕ್ಕೆ ಎದ್ದಿತ್ತು.

ಮರದ ಒರೆಯನ್ನು ಮಧ್ಯಯುಗದ ಕ್ರಮದಲ್ಲಿ ನಾನೇ ಮಾಡಿದೆ. 4 ಮಿ.ಮೀ. ದಪ್ಪದ ಎರಡು ಪಾಪ್ಲರ್ ಮರದ ಪಟ್ಟಿ ತೆಗೆದುಕೊಂಡು, ಒಳಗೆ ಅಲಗಿನ ಆಕಾರಕ್ಕೆ ಕೆತ್ತಿದೆ. ಓಕ್ ಬೇಡ, ಅದರ ಒಗರು ಉಕ್ಕನ್ನು ತಿನ್ನುತ್ತದೆ. ಒಳಗೆ ಕುರಿಯ ತೊಗಲು, ಉಣ್ಣೆ ಅಲಗಿನ ಕಡೆಗೆ. ಇದು ಇನ್ನೂ ಹಳೆಯ, ವೈಕಿಂಗ್ ಕಾಲದ ರೂಢಿ. ಉಣ್ಣೆಯ ಜಿಡ್ಡು ಅಲಗಿಗೆ ತುಕ್ಕು ಹತ್ತದಂತೆ ಕಾಯುತ್ತದೆ. ಎರಡೂ ಪಟ್ಟಿ ಅಂಟಿಸಿ, ಲಿನನ್ ಬಟ್ಟೆ ಸುತ್ತಿ, ಮೇಲೆ ನೆನೆಸಿದ ತೆಳು ತೊಗಲು ಎಳೆದು ಹಿಂಬದಿಯಲ್ಲಿ ಹೊಲಿದೆ. ಒಣಗುತ್ತಾ ಅದು ಬಿಗಿದು ಕೂತಿತು. ಸೊಂಟದ ಪಟ್ಟಿಯನ್ನು 13ನೇ ಶತಮಾನದವರಂತೆ ಸೀಳಿದ ತೊಗಲಿನ ಎಳೆಗಳಿಂದ ಒರೆಗೇ ಹೆಣೆದೆ. ಒರೆ ಓರೆಯಾಗಿ ತೂಗುತ್ತದೆ, ನಡೆಯುವಾಗ ಕಾಲಿಗೆ ಬಡಿಯುವುದಿಲ್ಲ.

ಇಟಲಿಯ ಗುರು ಫಿಯೋರೆ ದೆಯ್ ಲಿಬೆರಿ 1410ರ ಸುಮಾರಿಗೆ ಒಂದು ಪಟ್ಟು ಹೇಳಿದ್ದಾನೆ. ಎದುರಾಳಿ ಚೂರಿ ಎತ್ತಿದ ಕೂಡಲೇ ಒರೆಯನ್ನೇ ಅವನ ತೋಳಿಗೆ ಒತ್ತಿ ಹಿಡಿ, ಅಷ್ಟರಲ್ಲಿ ಕತ್ತಿ ಹಿರಿ. ಗೆಳೆಯನ ಕೈಗೆ ರಬ್ಬರ್ ಚೂರಿ ಕೊಟ್ಟು, ಮೊಂಡು ಕತ್ತಿ ಇಟ್ಟುಕೊಂಡು ಇದನ್ನು ಮಾಡಿ ನೋಡಿದೆವು. ಮರದ ಒರೆ ಅವನ ತೋಳನ್ನು ಗಟ್ಟಿಯಾಗಿ ತಡೆಯಿತು. ತೊಗಲಿನದು ಕತ್ತಿ ಅರ್ಧ ಹೊರಬರುವಷ್ಟರಲ್ಲಿ ಮಡಚಿಕೊಂಡಿತು, ಚೂರಿ ನನ್ನ ಭುಜಕ್ಕೆ ತಗುಲಿತು. ಒರೆಯೂ ಒಂದು ಆಯುಧ ಅಂತ ಅವತ್ತು ನನಗೆ ಮನವರಿಕೆ ಆಯಿತು.

ಉಕ್ಕಿನದು 1796ರ ಬ್ರಿಟಿಷ್ ಕುದುರೆ ಸವಾರರ ಬಾಗುಕತ್ತಿಯ ಮಾದರಿ. ನನ್ನ ಹತ್ತಿರ ಇರುವ ಒರೆಯೊಂದೇ 900 ಗ್ರಾಂ. ನಡೆದರೆ ಗಣಗಣ ಸದ್ದು. ಆದರೆ ಏಟು ತಾಳುತ್ತದೆ. ನನ್ನ ಮರದ ಒರೆ ಕಾರಿನ ಬಾಗಿಲಿಗೆ ಸಿಕ್ಕಿ ಬಿರುಕು ಬಿಟ್ಟಿತ್ತು, ಇದಾಗಿದ್ದರೆ ಏನೂ ಆಗುತ್ತಿರಲಿಲ್ಲ. ಕುದುರೆ ಮೇಲೆ ಬೀಳುತ್ತಾ ಏಳುತ್ತಾ ಇರುವ ಸೈನಿಕನಿಗೆ ಇದು ಸಣ್ಣ ಲಾಭ ಅಲ್ಲ.

ತೊಂದರೆ ಇರುವುದು ಹರಿತದಲ್ಲಿ, ಉಕ್ಕಿನ ಒರೆ ಅಲಗನ್ನು ಮೊಂಡು ಮಾಡುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿ ಸೇವೆ ಮಾಡಿದ್ದ ಕ್ಯಾಪ್ಟನ್ ನೋಲನ್ 1853ರಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಹೈದರಾಬಾದ್ ನಿಜಾಮರ ಸವಾರರ ಕತ್ತಿಗಳು ಭಯಂಕರವಾಗಿ ಕೊಯ್ಯುತ್ತಿದ್ದವು. ನೋಡಿದರೆ ಹೆಚ್ಚಿನವು ಬ್ರಿಟಿಷ್ ಸೇನೆ ಬಿಸಾಡಿದ ಹಳೆಯ ಅಲಗುಗಳು! ಅವಕ್ಕೆ ಬೇರೆ ಹಿಡಿ ಕಟ್ಟಿ, ಕ್ಷೌರದ ಕತ್ತಿಯಂತೆ ಮಸೆದು, ಮರದ ಒರೆಯಲ್ಲಿ ಇಟ್ಟಿದ್ದರು. ಕಾದಾಟ ಬಿಟ್ಟು ಬೇರೆ ಹೊತ್ತಲ್ಲಿ ಹಿರಿಯುತ್ತಲೇ ಇರಲಿಲ್ಲ. ನಮ್ಮ ಬೀದರ್, ಕಲಬುರಗಿ ಆಗ ಇದ್ದದ್ದು ನಿಜಾಮರ ಸೀಮೆಯಲ್ಲೇ. ಓದಿ ಮೈ ಜುಮ್ ಎಂದಿತು.

ಅದಕ್ಕೇ ಆ ಬಾಗುಕತ್ತಿಗೂ ಒಂದು ಮರದ ಒರೆ ಮಾಡಿದೆ. ಚೆನ್ನಾಗಿ ಮಸೆದು ಉಕ್ಕಿನ ಒರೆಯಿಂದ 100 ಸಲ ಹಿರಿದೆ. ಪ್ರತಿ ಸಲವೂ ಕತ್ತಿಯ ಬಾಯಿ ಒರೆಯ ಬಾಯಿಗೆ ಉಜ್ಜುವುದು ಕಿವಿಗೇ ಕೇಳುತ್ತಿತ್ತು. ಆಮೇಲೆ ನ್ಯೂಸ್‌ಪೇಪರ್ ಹಿಡಿದರೆ ಕೊಯ್ಯಲಿಲ್ಲ, ಹರಿಯಿತು. ಮತ್ತೆ ಮಸೆದು ಮರದ ಒರೆಯಿಂದ 100 ಸಲ ಹಿರಿದೆ. ಹಾಳೆ ಸದ್ದಿಲ್ಲದೆ ಎರಡಾಯಿತು.