ಮನೆಯಲ್ಲೇ ಮಾಡಿದ ಸ್ಕೀ: ಮೂರು ಚಳಿಗಾಲ ಬಳಸಿದ ಮೇಲೆ

ಉದ್ದ 178 ಸೆಂಟಿಮೀಟರ್. ಪಾದದ ಕೆಳಗೆ ಅಗಲ 100 ಮಿಲಿಮೀಟರ್. ಒಂದೊಂದರ ತೂಕ ಹೆಚ್ಚುಕಡಿಮೆ 2 ಕಿಲೋ. 2022ರ ನವೆಂಬರ್‌ನಲ್ಲಿ, ಬೆಳಗಾವಿಯ ನಮ್ಮ ಮನೆಯ ಹಿಂದಿನ ಶೆಡ್‌ನಲ್ಲಿ ಮಾಡಿದ ಸ್ಕೀ ಇವು, ಹಿಮದ ಮೇಲೆ ಜಾರಲು ಕಾಲಿಗೆ ಹಾಕಿಕೊಳ್ಳುವ ಉದ್ದನೆಯ ಪಟ್ಟಿಗಳು. 2023ರಿಂದ 2025ರವರೆಗೆ ಮೂರು ಚಳಿಗಾಲ ಕಾಶ್ಮೀರದ ಗುಲ್ಮಾರ್ಗ್‌ಗೆ ಒಯ್ದಿದ್ದೇನೆ. ಒಟ್ಟು 41 ದಿನ ಹಿಮದ ಮೇಲೆ ಓಡಿಸಿದ್ದೇನೆ. ಇನ್ನೂ ಓಡುತ್ತಿವೆ. ಆದರೆ ಅದರ ಹಿಂದಿನ ವರ್ಷ ಮಾಡಿದ ಮೊದಲ ಜೊತೆ ನಾಲ್ಕೇ ದಿನ ಬಾಳಿತು. ಅದೇ ಕೈ, ಅದೇ ಕಟ್ಟಿಗೆ, ಅದೇ ಅಚ್ಚು. ಹಾಗಾದರೆ ಬದಲಾಗಿದ್ದು ಏನು ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ನಾನು ಪ್ಯಾಟರ್ನ್ ಮಾಡುವವನು. ಉದ್ಯಮಬಾಗದ ಫೌಂಡ್ರಿಗಳಿಗೆ ಪಂಪು, ವಾಲ್ವುಗಳ ಕಟ್ಟಿಗೆ ಮಾದರಿ ಮಾಡಿಕೊಡುವುದು ನನ್ನ ಕೆಲಸ. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಕುಳಿಯೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಬೀಡು ಕಬ್ಬಿಣ ತಣ್ಣಗಾದಾಗ ಮೀಟರ್‌ಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಅಷ್ಟನ್ನು ಮೊದಲೇ ಸೇರಿಸಿ ಕಟ್ಟಿಗೆ ಕೆತ್ತಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಲೆಕ್ಕ.

ಸ್ಕೀ ಹುಚ್ಚು ಹತ್ತಿಸಿದ್ದು ನನ್ನ ಅಕ್ಕನ ಮಗ. ಸೈನ್ಯದಲ್ಲಿದ್ದಾನೆ, ಕಾಶ್ಮೀರದಲ್ಲಿ ಡ್ಯೂಟಿ ಇದ್ದಾಗ ಕಲಿತವನು. 2019ರಲ್ಲಿ ರಜೆ ಹಾಕಿ ನನ್ನನ್ನೂ ಗುಲ್ಮಾರ್ಗ್‌ಗೆ ಕರೆದುಕೊಂಡು ಹೋದ. ಬಾಡಿಗೆ ಅಂಗಡಿಯ ಮೂಲೆಯಲ್ಲಿ ಮುರಿದ ಸ್ಕೀ ಒಂದು ಬಿದ್ದಿತ್ತು. ಎತ್ತಿ ನೋಡಿದೆ. ಮೇಲೆ ಬಣ್ಣ, ಕೆಳಗೆ ಪ್ಲಾಸ್ಟಿಕ್, ಅಂಚಿಗೆ ಉಕ್ಕಿನ ಪಟ್ಟಿ. ನಡುವೆ ಮಾತ್ರ ಉದ್ದಕ್ಕೂ ಕಟ್ಟಿಗೆ! ಸಣ್ಣ ಸಣ್ಣ ಪಟ್ಟಿ ಜೋಡಿಸಿ ಅಂಟಿಸಿದ ಕಟ್ಟಿಗೆ. ಇದು ನನಗೆ ಬರುವ ಕೆಲಸ ಅನ್ನಿಸಿತು.

ಕಟ್ಟಿಗೆ ಕೆಲಸ ನಿಜಕ್ಕೂ ಕಷ್ಟ ಆಗಲಿಲ್ಲ. ಪೈನ್ ಪಟ್ಟಿ, ಅವುಗಳ ನಡುವೆ ಅಲ್ಲಲ್ಲಿ ಬಿದಿರಿನ ಪಟ್ಟಿ. ನಡುವೆ 11.5 ಮಿಲಿಮೀಟರ್ ದಪ್ಪ, ಎರಡೂ ತುದಿಗೆ 2 ಮಿಲಿಮೀಟರ್. ಈ ಇಳಿಜಾರು ಒಂದೇ ಸಮ ಬರಬೇಕು, ಸ್ಕೀ ಎಲ್ಲಿ ಎಷ್ಟು ಬಾಗುತ್ತದೆ ಅನ್ನುವುದು ಇದರ ಮೇಲೇ ನಿಂತಿದೆ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಕೈಗೆ ಗೊತ್ತಾಗುತ್ತದೆ. ಮಷೀನ್‌ನಲ್ಲಿ ತೆಗೆದು, ಕೊನೆಗೆ ರಂದಾ ಹಿಡಿದು ಸರಿ ಮಾಡಿದೆ.

ಮೋಸ ಆಗಿದ್ದು ತಳದಲ್ಲಿ. ಸ್ಕೀ ತಳಕ್ಕೆ ಹಾಕುವುದು ಒಂದು ಜಾತಿಯ ಪಾಲಿಎಥಿಲೀನ್ ಹಾಳೆ, ತುಂಬಾ ನುಣುಪು, ತುಂಬಾ ಗಟ್ಟಿ. ಕಾರ್ಖಾನೆಗಳಲ್ಲಿ ಮಾಲು ಜಾರಿಬೀಳುವ ತಗಡಿಗೆ ಒಳಗಿಂದ ಹಾಕುತ್ತಾರಲ್ಲ, ಅದೇ. ಇಲ್ಲೇ ಸಿಗುತ್ತದೆ ಅಂತ ತಂದೆ. ಎಪಾಕ್ಸಿ ಅನ್ನುವ ಅಂಟು ಚೆನ್ನಾಗಿ ಹಿಡಿಯುತ್ತದೆ ಅಂತ ಮಾರಿದವರು ಹೇಳಿದರು, ನಾನೂ ನಂಬಿದೆ. ಆದರೆ ಯೋಚಿಸಿ ನೋಡಿ: ಹಿಮವೇ ಹತ್ತದ ವಸ್ತುವಿಗೆ ಅಂಟು ಹೇಗೆ ಹತ್ತುತ್ತದೆ? ನಾಲ್ಕನೇ ದಿನ ಮಧ್ಯಾಹ್ನ ಬಲಗಾಲಿನ ಸ್ಕೀ ತುದಿಯಲ್ಲಿ ಬಿರುಕು ಕಂಡಿತು. ಬೆರಳು ಹಾಕಿ ಎಳೆದರೆ, ಬಾಳೆಲೆಯಿಂದ ಹೋಳಿಗೆ ಎದ್ದಂತೆ ಇಡೀ ತಳ ಎದ್ದು ಬಂತು. ಹಾಳೆಯ ಮೇಲೆ ಅಂಟಿನ ಒಂದು ಚೂರೂ ಇಲ್ಲ, ತೊಳೆದಿಟ್ಟ ಹಾಗೆ ಇತ್ತು.

ಅಳಿಯ ಕಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಮಾಮಾ, ಕಟ್ಟಿಗಿ ಭಾಳ ಚಲೋ ಐತಿ. ಅಂಟು ಕೈ ಕೊಟ್ಟೈತಿ" ಅಂದ. ರಾತ್ರಿಯೆಲ್ಲ ನನಗೆ ಅದೇ ಮಾತು.

ಊರಿಗೆ ಬಂದು ಓದಲು ಶುರು ಮಾಡಿದಾಗ ಹೋವರ್ಡ್ ಹೆಡ್ ಅವರ ಕಥೆ ಸಿಕ್ಕಿತು. ಅಮೆರಿಕದ ವಿಮಾನ ಕಂಪನಿಯ ಎಂಜಿನಿಯರ್. 1947ರ ಸುಮಾರಿಗೆ ಅಲ್ಯೂಮಿನಿಯಂ ಮತ್ತು ಕಟ್ಟಿಗೆ ಸೇರಿಸಿ ಸ್ಕೀ ಮಾಡಲು ಹೊರಟವರು. ಪದರಗಳನ್ನು ರಬ್ಬರ್ ಚೀಲಕ್ಕೆ ಹಾಕಿ, ಗಾಳಿ ಎಳೆದು, ಹಳೆ ಎಂಜಿನ್ ಆಯಿಲ್‌ನಲ್ಲಿ ಕುದಿಸಿ ಅಂಟಿಸುತ್ತಿದ್ದರಂತೆ. ಅವರ ಮೊದಲ ಆರು ಜೊತೆಯೂ ಮುರಿದುಹೋದವು. ಬಾಳಿಕೆ ಬರುವ ಸ್ಕೀ ಕೈಗೆ ಬರಲು 1950 ಆಯಿತು. ಇದನ್ನು ಓದಿ ನನಗೆ ಧೈರ್ಯ ಬಂತು.

ಎರಡನೇ ಜೊತೆಗೆ ಸ್ಕೀಗೆಂದೇ ಮಾಡಿದ ತಳದ ಹಾಳೆ ಹೊರದೇಶದಿಂದ ತರಿಸಿದೆ. ಅದರ ಒಂದು ಮಗ್ಗುಲನ್ನು ಬೆಂಕಿಯ ಜ್ವಾಲೆಯಿಂದ ಸವರಿ, ಅಂಟು ಹಿಡಿಯುವ ಹಾಗೆ ಮಾಡಿರುತ್ತಾರೆ. ಬೆಲೆ ಜಾಸ್ತಿ. ಆದರೂ ಇದರಲ್ಲಿ ಉಳಿಸಲು ಹೋಗಬೇಡಿ. ಉಕ್ಕಿನ ಅಂಚುಗಳನ್ನೂ ಅಲ್ಲಿಂದಲೇ ತರಿಸಬೇಕಾಯಿತು. ಅಂಚನ್ನು ಎಮರಿ ಕಾಗದದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಆಮೇಲೆ ಕೈಗವಸು ಇಲ್ಲದೆ ಮುಟ್ಟಲೇ ಇಲ್ಲ. ಬೆರಳಿನ ಜಿಡ್ಡು ಒಂದಿಷ್ಟು ಸಾಕು, ಅಲ್ಲಿಂದಲೇ ಬಿಡಲು ಶುರುವಾಗುತ್ತದೆ. ಅಂಚಿನ ಮೇಲೆ ತೆಳು ರಬ್ಬರ್ ಪಟ್ಟಿ ಹಾಕಿದೆ. ಮೊದಲ ಜೊತೆಗೆ ಇದನ್ನು ಬಿಟ್ಟಿದ್ದೆ. ಉಕ್ಕು, ಪ್ಲಾಸ್ಟಿಕ್, ಗಾಜಿನ ನಾರು (ಕಟ್ಟಿಗೆಗೆ ಬಲ ಕೊಡುವ ಫೈಬರ್‌ಗ್ಲಾಸ್ ಪದರ) ಚಳಿಗೆ ಒಂದೇ ಸಮ ಕುಗ್ಗುವುದಿಲ್ಲ, ಪ್ಲಾಸ್ಟಿಕ್ ಎಲ್ಲಕ್ಕಿಂತ ಜಾಸ್ತಿ ಕುಗ್ಗುತ್ತದೆ. ಕಲ್ಲಿಗೆ ಬಡಿದಾಗ ಆಗುವ ಪೆಟ್ಟು ಬೇರೆ. ಆ ಎಳೆದಾಟವನ್ನೆಲ್ಲ ನಡುವಿನ ರಬ್ಬರ್ ತಾಳಿಕೊಳ್ಳುತ್ತದೆ. ಕಬ್ಬಿಣ ಕುಗ್ಗುವ ಲೆಕ್ಕ ದಿನಾ ಹಾಕುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಇನ್ನೊಂದು ತಪ್ಪು ಮಳೆಗಾಲದ್ದು. ಮೊದಲ ಜೊತೆಗೆ ಅಂಟು ಹಾಕಿದ್ದು ಆಗಸ್ಟ್‌ನಲ್ಲಿ. ಬೆಳಗಾವಿಯ ಆಗಸ್ಟ್ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಕಟ್ಟಿಗೆ ನೀರು ಹೀರಿಕೊಂಡಿರುತ್ತದೆ. ಎಪಾಕ್ಸಿ ಮೇಲೂ ಜಿಗುಟು ಪೊರೆ ಕಟ್ಟುತ್ತದೆ. ಎರಡನೇ ಸಲ ದೀಪಾವಳಿ ಆಗುವವರೆಗೆ ಕಾದೆ. ಗಾಳಿ ಒಣಗಿದ ಮೇಲೆ ಕಟ್ಟಿಗೆಯನ್ನೂ ಬಲ್ಬ್ ಉರಿಸಿ ಬಿಸಿ ಮಾಡುವ ಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟೆ. ಎಪಾಕ್ಸಿಯ ಎರಡು ಭಾಗಗಳಾದ ರಾಳ ಮತ್ತು ಗಟ್ಟಿಕಾರಕವನ್ನು ಅಳತೆ ಲೋಟದಲ್ಲಿ ಅಲ್ಲ, ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿದೆ.

ಒತ್ತಲು ದೊಡ್ಡ ಪ್ರೆಸ್ ಬೇಡ. ಎಸಿ ರಿಪೇರಿಯವರು ಬಳಸುವ ವ್ಯಾಕ್ಯೂಮ್ ಪಂಪು ಸಾಕು. ಪದರಗಳನ್ನೆಲ್ಲ ಅಚ್ಚಿನ ಮೇಲೆ ಜೋಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಒಳಗಿನ ಗಾಳಿ ಎಳೆದರೆ ಹೊರಗಿನ ಗಾಳಿಯೇ ಒತ್ತುತ್ತದೆ. ಒಂದು ಸ್ಕೀಯ ಮೇಲ್ಮೈ ಸುಮಾರು 2,000 ಚದರ ಸೆಂಟಿಮೀಟರ್. ಅಂದರೆ ಒಂದೂವರೆ ಟನ್‌ಗೂ ಜಾಸ್ತಿ ಭಾರ, ಮೂಲೆ ಮೂಲೆಗೂ ಒಂದೇ ಸಮ. ನೂರು ಕ್ಲ್ಯಾಂಪ್ ಹಾಕಿದರೂ ಹೀಗೆ ಬರುವುದಿಲ್ಲ. ಸೋರಿಕೆ ಒಂದನ್ನು ಮಾತ್ರ ನೋಡಿಕೊಳ್ಳಬೇಕು. ಅಂಟು ಕಲಸುವ ಮೊದಲೇ ಖಾಲಿ ಚೀಲದ ಗಾಳಿ ಎಳೆದು, ಪಂಪು ನಿಲ್ಲಿಸಿ, ಗೇಜಿನ ಮುಳ್ಳು ಒಂದು ಗಂಟೆ ಅಲ್ಲೇ ನಿಲ್ಲುತ್ತದಾ ಅಂತ ಪರೀಕ್ಷೆ ಮಾಡಿ. ಆಮೇಲೆ ಬಿಸಿ. ಪೆಟ್ಟಿಗೆ 50 ಡಿಗ್ರಿ ದಾಟದ ಹಾಗೆ ನೋಡಿಕೊಂಡೆ. ಜಾಸ್ತಿ ಕಾಯಿಸಿದರೆ ತಣ್ಣಗಾದಾಗ ತಳದ ಪ್ಲಾಸ್ಟಿಕ್ ಕುಗ್ಗಿ, ನಡುವೆ ಒಳಕ್ಕೆ ತಗ್ಗಾಗುತ್ತದೆ.

ಮೇಲ್ಪದರಕ್ಕೆ ಅವ್ವನ ಹಳೆ ಇಳಕಲ್ ಸೀರೆಯ ಸೆರಗು ಹಾಕಿದ್ದೇನೆ. ಕೇಳಿದಾಗ ಅವ್ವ, "ತಗೋ, ನಾನೂ ನಿನ್ನ ಜೋಡಿ ಕಾಶ್ಮೀರ ನೋಡಿದಂಗಾಗತೈತಿ" ಅಂದಳು. ಎಪಾಕ್ಸಿ ಬಿದ್ದ ಕೂಡಲೇ ಕೆಂಪು ಇನ್ನಷ್ಟು ಗಾಢ ಆಯಿತು. ಗುಲ್ಮಾರ್ಗ್‌ನಲ್ಲಿ ಎಷ್ಟೋ ಜನ ನಿಲ್ಲಿಸಿ ಕೇಳಿದ್ದಾರೆ.

ಈಗ ಹಿಮದ ಮೇಲೆ ಹೇಗಿವೆ ಅನ್ನುವ ಮಾತು. ಗೊಂಡೋಲಾದಲ್ಲಿ (ಕೇಬಲ್ ಕಾರ್) ಅಫರ್ವಟ್ ಬೆಟ್ಟದ ಕಡೆ ಹೋದರೆ ಹೊಸ ಹಿಮ ಮೊಣಕಾಲಿನವರೆಗೆ ಇರುತ್ತದೆ. ಅಲ್ಲಿ ಈ ಸ್ಕೀ ತೇಲುತ್ತವೆ. ನನ್ನ ತೂಕ 64 ಕಿಲೋ. ಬಾಡಿಗೆ ಸ್ಕೀ ನನಗೆ ಯಾವಾಗಲೂ ಬಿರುಸು ಅನಿಸುತ್ತಿತ್ತು, ತಿರುಗಿಸಲು ತೊಡೆ ನೋಯುತ್ತಿತ್ತು. ಇವನ್ನು ನನ್ನ ತೂಕಕ್ಕೇ ತೆಳು ಮಾಡಿದ್ದರಿಂದ ಸುಲಭವಾಗಿ ಬಾಗುತ್ತವೆ. ಬೆಳಿಗ್ಗೆ ಇಳಿಜಾರು ಗಟ್ಟಿಯಾಗಿದ್ದಾಗ ಅಷ್ಟು ಚುರುಕಿಲ್ಲ. ಅಗಲ ಜಾಸ್ತಿ, ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಲು ತಡ ಆಗುತ್ತದೆ. ವೇಗದಲ್ಲಿ ತುದಿ ಸ್ವಲ್ಪ ನಡುಗುತ್ತದೆ. ಬರೀ ಗಟ್ಟಿ ಹಿಮದ ಮೇಲೆ ಓಡಿಸುವವರಾದರೆ 80 ಮಿಲಿಮೀಟರ್ ಸುತ್ತಮುತ್ತ ಮಾಡಿಕೊಳ್ಳಿ.

ಸವೆತ: 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹೆಚ್ಚುಕಡಿಮೆ ಹಿಮವೇ ಇರಲಿಲ್ಲ. ಫೆಬ್ರವರಿಯಲ್ಲಿ ಬಿದ್ದ ಮೇಲೆ ಹೋದರೂ ಕೆಳಗೆ ಕಲ್ಲು ಕಾಯುತ್ತಿದ್ದವು. ಎಡಗಾಲಿನ ತಳದಲ್ಲಿ ಒಂದು ಗೇಣು ಉದ್ದದ ಗೀರು ಬಿತ್ತು. ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬಿ, ಹೆರೆದು ಸರಿ ಮಾಡಿದೆ. ಅಂಚು ಮಾತ್ರ ಅಲುಗಲಿಲ್ಲ. ಹಿಮಕ್ಕಿಂತ ನಮ್ಮೂರ ಮಳೆಯೇ ಜಾಸ್ತಿ ಹಾನಿ ಮಾಡಿದೆ. ಮೊದಲ ಜೂನ್‌ನಲ್ಲಿ ಸುಮ್ನೆ ಗೋಡೆಗೆ ನೇತುಹಾಕಿದ್ದೆ, ಸೆಪ್ಟೆಂಬರ್‌ನಲ್ಲಿ ನೋಡಿದರೆ ಅಂಚಿಗೆಲ್ಲ ತುಕ್ಕು. ಈಗ ಹಳೆ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ, ತಳ ಮತ್ತು ಅಂಚಿನ ಮೇಲೆ ದಪ್ಪಗೆ ಬಳಿದು, ಕೌದಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಡುತ್ತೇನೆ. ಗೋವಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗುವಾಗಲೂ ಅದೇ ಕೌದಿ. ಸೆರಗಿನ ಬಿಳಿ ಭಾಗ ಬೆಟ್ಟದ ಬಿಸಿಲಿಗೆ ಹಳದಿ ತಿರುಗಿದೆ. ಬಿಸಿಲು ತಡೆಯುವ ವಾರ್ನಿಷ್ ಮೊದಲೇ ಬಳಿದಿದ್ದರೆ ಉಳಿಯುತ್ತಿತ್ತು, ಆ ಬೇಸರ ಇದೆ.

ಖರ್ಚು ಅಚ್ಚು, ಪಂಪು, ಹಾಳಾದ ಮೊದಲ ಜೊತೆ ಎಲ್ಲ ಸೇರಿ 61,000 ರೂಪಾಯಿ. ಹಣ ಉಳಿಸಲು ಇದಕ್ಕೆ ಕೈ ಹಾಕಬೇಡಿ, ಅಷ್ಟಕ್ಕೆ ಹೊಸ ಸ್ಕೀಯೇ ಬರುತ್ತದೆ. ಬೂಟು ಹಿಡಿಯುವ ಬೈಂಡಿಂಗ್ ಅನ್ನು ಮಾತ್ರ ನಾನು ಕೂರಿಸಲಿಲ್ಲ. ಸ್ಕ್ರೂ ಬರುವ ಜಾಗಕ್ಕೆ ಗಾಜಿನ ನಾರಿನ ಒಂದು ಪದರ ಜಾಸ್ತಿ ಹಾಕಿ, ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲೇ ಕೂರಿಸಿದೆ. ಬಿದ್ದಾಗ ಅದು ಸರಿಯಾದ ಹೊತ್ತಿಗೆ ಬೂಟು ಬಿಡಬೇಕು, ಇಲ್ಲದಿದ್ದರೆ ಮೊಣಕಾಲು ಹೋಗುತ್ತದೆ.

ಕಳೆದ ಮಾರ್ಚ್‌ನಲ್ಲಿ ಬಲಗಾಲಿನ ಸ್ಕೀ ಬಾಲದ ಹತ್ತಿರ ಮೇಲ್ಪದರದಲ್ಲಿ ನಾಲ್ಕಾಣೆಯಷ್ಟು ಗುಳ್ಳೆ ಕಂಡಿತು. ಅದರ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿದ್ದೇನೆ. ಈ ಮಳೆಗಾಲದಲ್ಲಿ ಎರಡು ಸಲ ಕೌದಿ ಬಿಚ್ಚಿ ನೋಡಿದೆ. ಗುಳ್ಳೆ ಗೆರೆ ದಾಟಿಲ್ಲ.