ಧರ್ಮಸ್ಥಳಕ್ಕೆ ನಡೆದು ಹೋಗುವವರೇ, ನೋವಿನ ಮಾತ್ರೆ ನುಂಗಿ ನಡೆಯಬೇಡಿ

ಶಿವರಾತ್ರಿ ಬಂತೆಂದರೆ ನಮ್ಮ ಶಿವಮೊಗ್ಗ, ಭದ್ರಾವತಿ ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರ ತಯಾರಿ ಶುರುವಾಗುತ್ತದೆ. ಟಾರ್ಚ್, ಟವೆಲ್, ಎರಡು ಜೊತೆ ಸಾಕ್ಸ್, ಜೊತೆಗೆ ಒಂದು ಶೀಟ್ ನೋವಿನ ಮಾತ್ರೆ. ಆ ಒಂದು ಶೀಟ್ ಬಗ್ಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. 2025ರ ಶಿವರಾತ್ರಿಗೆ ನಡೆದು ಹೋದಾಗ ನನ್ನ ಭಾವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಅವರಿಗೆ ಆ ಮಾತ್ರೆ ಕೊಟ್ಟವರಲ್ಲಿ ನಾನೂ ಒಬ್ಬ.

ಭಾವನಿಗೆ ಆಗ 52 ವರ್ಷ. ಅಡಿಕೆ ತೋಟದಲ್ಲಿ ದಿನವಿಡೀ ಕೆಲಸ ಮಾಡುವ ಗಟ್ಟಿ ಆಳು. ಬಿಪಿ ಬಿಟ್ಟರೆ ಬೇರೆ ಕಾಯಿಲೆ ಇಲ್ಲ, ಅದಕ್ಕೂ ದಿನಾ ಒಂದು ಮಾತ್ರೆ ತಪ್ಪದೆ ತಗೊಳ್ಳುತ್ತಿದ್ದರು. ಆ ವರ್ಷ ಫೆಬ್ರವರಿ 26ಕ್ಕೆ ಶಿವರಾತ್ರಿ. ಒಂದು ವಾರ ಮೊದಲೇ ಹೊರಟೆವು. ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಒಟ್ಟು ಇನ್ನೂರು ಕಿ.ಮೀ. ಹತ್ತಿರ ಆಗುತ್ತದೆ.

ಮೊದಲ ಮೂರು ದಿನ ಚೆನ್ನಾಗಿಯೇ ಹೋಯಿತು. ದಾರಿಯುದ್ದಕ್ಕೂ ಜನ ಮಜ್ಜಿಗೆ, ಪಾನಕ, ಕಲ್ಲಂಗಡಿ ಹಣ್ಣು ಇಟ್ಟುಕೊಂಡು ಕಾಯುತ್ತಿರುತ್ತಾರೆ. ಗುರುತು ಪರಿಚಯ ಇಲ್ಲದವರು ಕೂರಿಸಿ ಊಟ ಹಾಕುತ್ತಾರೆ. ಆ ಪ್ರೀತಿಯನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ.

ಚಿಕ್ಕಮಗಳೂರಿಗೆ ಬರುವಷ್ಟರಲ್ಲಿ ಭಾವನಿಗೆ ಮಂಡಿ, ಮೀನಖಂಡ ಎರಡೂ ಹಿಡಿದುಕೊಂಡಿದ್ದವು. ಟಾರು ರಸ್ತೆ ಮೇಲೆ ದಿನಕ್ಕೆ ಇಪ್ಪತ್ತೈದು ಕಿ.ಮೀ. ನಡೆದರೆ ತೋಟದಲ್ಲಿ ಓಡಾಡಿದ ಕಾಲಾದರೂ ಸೋಲುತ್ತದೆ. ಒಂದು ಮೆಡಿಕಲ್ ಶಾಪಿನಲ್ಲಿ "ಕಾಲುನೋವಿಗೆ ಕೊಡಿ" ಅಂತ ಕೇಳಿ ಹತ್ತು ಮಾತ್ರೆಯ ಶೀಟ್ ತಂದವನು ನಾನೇ. ಯಾರಿಗೆ, ಬಿಪಿ ಇದೆಯಾ, ನಡೆದು ಹೋಗುತ್ತಿದ್ದೀರಾ ಅಂತ ಅಂಗಡಿಯವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಾತ್ರೆ ನುಂಗಿದ ಒಂದು ಗಂಟೆಗೆ ನೋವು ಮಾಯ. ಮಾರನೇ ದಿನ ಮೂಡಿಗೆರೆಗೆ ಮೂವತ್ತು ಕಿ.ಮೀ. ನಡಿಗೆಯಲ್ಲಿ ಭಾವನೇ ಎಲ್ಲರಿಗಿಂತ ಮುಂದೆ. "ನೋಡು ಮಾರಾಯ, ಕಾಲು ಇದೆ ಅಂತಲೇ ಗೊತ್ತಾಗ್ತಾ ಇಲ್ಲ" ಅಂದರು. ನಮಗೆಲ್ಲ ಖುಷಿ. ಕಾಲು "ಸಾಕು, ನಿಲ್ಲು" ಅಂತ ಹೇಳುತ್ತಿದ್ದ ಮಾತು ನಮಗೆ ಕೇಳಿಸದಂತೆ ಮಾಡಿಕೊಂಡಿದ್ದೆವು ಅಷ್ಟೇ. ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯೆ ಬೇಕೆನಿಸಿದರೆ ಇನ್ನೊಂದು. ಯಾರೂ ಲೆಕ್ಕ ಇಡಲಿಲ್ಲ.

ಕೊಟ್ಟಿಗೆಹಾರದಲ್ಲಿ ರಾತ್ರಿ ಒಳ್ಳೆ ಚಳಿ. ಆ ಕಡೆ ಕಾಡಾನೆ ಭಯ ಇರುವುದರಿಂದ ಕತ್ತಲಲ್ಲಿ ಹೊರಡುವುದು ಬೇಡ ಅಂದುಕೊಂಡು, ಪೂರ್ತಿ ಬೆಳಕಾದ ಮೇಲೆ ನೀರುದೋಸೆ ತಿಂದು ಹೊರಟೆವು. ಆ ನಿರ್ಧಾರ ಸರಿಯೇ. ಆದರೆ ಅದರಿಂದ ಘಾಟಿಯ ಬುಡ ತಲುಪುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಮೇಲೆ ಮಂಜು ಇದ್ದಷ್ಟು ಹೊತ್ತು ಬಾಯಾರಿಕೆಯೇ ಆಗಲಿಲ್ಲ. ಬೆಳಿಗ್ಗೆಯಿಂದ ಭಾವ ಕುಡಿದಿದ್ದು ಒಂದು ಲೀಟರ್ ನೀರೂ ಇರಲಿಕ್ಕಿಲ್ಲ.

ಇನ್ನೊಂದು ವಿಷಯ ನಮಗೆ ಗೊತ್ತಿರಲಿಲ್ಲ. ಇಳಿಜಾರು ಸಲೀಸು ಅಂದುಕೊಂಡು ದಬದಬ ಇಳಿದೆವು. ಏದುಸಿರು ಬರುವುದಿಲ್ಲ, ನಿಜ. ಆದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆ ತಡೆದು ಹಿಡಿಯಬೇಕು. ಮಾಂಸಖಂಡ ಎಳೆದುಕೊಳ್ಳುತ್ತಲೇ ಬಿಗಿ ಹಿಡಿಯುವುದರಿಂದ ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಅದಕ್ಕೆ ಪೆಟ್ಟು ಜಾಸ್ತಿ. ಆ ನೋವು ತಿಳಿದಿದ್ದರೆ ಭಾವ ಎಲ್ಲಾದರೂ ಕೂತಿರುತ್ತಿದ್ದರು. ಮಾತ್ರೆ ತಿಳಿಯಲು ಬಿಡಲಿಲ್ಲ.

ಚಾರ್ಮಾಡಿ ಇಳಿದ ಕೂಡಲೇ ಹವೆಯೇ ಬೇರೆ. ಮಲೆನಾಡಿನ ತಂಪಿಗೆ ಒಗ್ಗಿದವರಿಗೆ ಕರಾವಳಿಯ ಸೆಕೆ ಒಂದೇ ಏಟಿಗೆ ಹೊಡೆಯುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಭಾವನಿಗೆ ತಲೆ ಸುತ್ತು ಬಂತು. ರಸ್ತೆ ಬದಿಯ ಒಂದು ಟೆಂಟಿನಲ್ಲಿ ಕೂರಿಸಿದೆವು. ಅಲ್ಲಿದ್ದ ಒಬ್ಬರು ಕಾಲಿಗೆ ಎಣ್ಣೆ ತಿಕ್ಕಿ, ಎರಡು ಮಾತ್ರೆ ಕೈಗಿಟ್ಟು, "ಇದನ್ನ ತಗೊಳ್ಳಿ, ಧರ್ಮಸ್ಥಳದವರೆಗೆ ಏನೂ ಆಗಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು, ಅನುಮಾನವಿಲ್ಲ. ಆದರೆ ಅವರು ಡಾಕ್ಟರಲ್ಲ. ಭಾವ ಖಾಲಿ ಹೊಟ್ಟೆಯಲ್ಲಿ ಎರಡನ್ನೂ ನುಂಗಿ ಎದ್ದರು.

ಅವತ್ತು ರಾತ್ರಿ ಮುಂಡಾಜೆ ದಾಟಿ ತಂಗಿದೆವು. ಧರ್ಮಸ್ಥಳ ಇನ್ನು ಇಪ್ಪತ್ತು ಕಿ.ಮೀ.ಯೂ ಇರಲಿಲ್ಲ. ಭಾವನ ತೊಡೆ ಮುಟ್ಟಿದರೆ ಮರದ ಕೊರಡಿನ ಹಾಗೆ ಗಟ್ಟಿ. ಎರಡು ಸಲ ವಾಂತಿ. ಹೊರಗೆ ಹೋಗಿ ಬಂದವರು ಮೆಲ್ಲಗೆ ನನ್ನ ಹತ್ತಿರ, "ಒಂದಕ್ಕೆ ಹೋದ್ರೆ ಹಾಲಿಲ್ಲದ ಟೀ ತರ ಬರ್ತಾ ಇದೆ ಮಾರಾಯ, ಉಷ್ಣ ಆಗಿರ್ಬೇಕು" ಅಂದರು. ನಾನೂ ಉಷ್ಣ ಅಂತಲೇ ನಂಬಿದೆ. ಎರಡು ಎಳನೀರು ಕುಡಿಸಿ ಮಲಗಿಸಿದೆ. ಅಕ್ಕನ ಫೋನ್ ಬಂದಾಗ "ಸ್ವಲ್ಪ ಸುಸ್ತಾಗಿದೆ, ಬೆಳಿಗ್ಗೆ ಸರಿ ಹೋಗ್ತಾರೆ" ಅಂದೆ.

ಬೆಳಿಗ್ಗೆ ಮೂತ್ರವೇ ಬರಲಿಲ್ಲ. ಮುಖ ಊದಿತ್ತು. ಲಗೇಜ್ ಟೆಂಪೋದಲ್ಲೇ ಹತ್ತಿರದ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಮಂಗಳೂರಿಗೆ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ, 5.4 ಇತ್ತು. ಸಾಮಾನ್ಯವಾಗಿ 1.2ರ ಒಳಗೆ ಇರಬೇಕಾದದ್ದು. ಡಾಕ್ಟರು ಮೊದಲು ಕೇಳಿದ್ದೇ, "ಏನು ಮಾತ್ರೆ ತಗೊಂಡಿದ್ದಾರೆ?" ಬ್ಯಾಗಿನಲ್ಲಿದ್ದ ಶೀಟ್ ತೆಗೆದು ಕೊಟ್ಟೆ. ಹತ್ತರಲ್ಲಿ ಒಂದೇ ಉಳಿದಿತ್ತು. ಟೆಂಟಿನ ಎರಡು ಸೇರಿಸಿ ನಾಲ್ಕು ದಿನಕ್ಕೆ ಹನ್ನೊಂದು.

ಆಮೇಲೆ ಅವರು ಬಿಡಿಸಿ ಹೇಳಿದರು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ತನಗೆ ಬರುವ ರಕ್ತನಾಳವನ್ನು ಅಗಲ ಮಾಡಿಕೊಂಡು ಹೇಗೋ ರಕ್ತ ಎಳೆದುಕೊಳ್ಳುತ್ತದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ತರದ ಮಾತ್ರೆಗಳು ಅದನ್ನೇ ತಡೆಯುತ್ತವೆ. ಭಾವನ ಬಿಪಿ ಮಾತ್ರೆಯಲ್ಲಿ ಎರಡು ಔಷಧ ಸೇರಿತ್ತು: ಒಂದು ಕಿಡ್ನಿಯ ಒಳಗಿನ ಒತ್ತಡ ಇಳಿಸುವಂಥದ್ದು, ಇನ್ನೊಂದು ಮೂತ್ರ ಹೆಚ್ಚು ಮಾಡಿ ನೀರು ಹೊರಗೆ ಹಾಕುವಂಥದ್ದು. ಬಿಪಿಗೆ ಅದು ಒಳ್ಳೆಯದೇ. ಬಿಸಿಲು, ನೋವಿನ ಮಾತ್ರೆ, ಅದು, ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ತಡೆಯಲು ಆಗುವುದಿಲ್ಲ. ಇದರ ಮೇಲೆ ತೊಡೆಯ ಮಾಂಸಖಂಡ ಒಡೆದು ಅದರ ಬಣ್ಣದ ಅಂಶ ರಕ್ತಕ್ಕೆ ಸೇರಿ, ಕಿಡ್ನಿಯ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡಿತ್ತು. ಟೀ ಬಣ್ಣ ಅದರದ್ದೇ.

ಎಳನೀರಿನ ವಿಷಯ ಹೇಳಿದಾಗ ಅವರ ಮುಖವೇ ಬದಲಾಯಿತು. ಚೆನ್ನಾಗಿ ಇರುವವರಿಗೆ ಎಳನೀರು ಅಮೃತ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಮೂತ್ರ ನಿಂತವರಿಗೆ ಅದು ಹೊರಗೆ ಹೋಗದೆ ರಕ್ತದಲ್ಲೇ ಏರುತ್ತದೆ, ಹೃದಯದ ಬಡಿತವನ್ನೇ ಕೆಡಿಸಬಹುದು. ನಾನು ಪ್ರೀತಿಯಿಂದ ಕುಡಿಸಿದ್ದು ಅದನ್ನು!

ಡಯಾಲಿಸಿಸ್‌ಗೆ ಅಕ್ಕನ ಸಹಿ ತಗೊಂಡರು. ಶಿವರಾತ್ರಿ ಜಾಗರಣೆ ನಮಗೆ ಐಸಿಯು ಬಾಗಿಲಲ್ಲಿ ಆಯಿತು. ಅಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಡ್ರಿಪ್ ಮೇಲೆ ಡ್ರಿಪ್ ಹಾಕಿ, ಮೂರನೇ ದಿನ ಮೂತ್ರ ಬರಲು ಶುರುವಾಯಿತು. ಡಯಾಲಿಸಿಸ್ ತಪ್ಪಿತು. ಎಂಟು ದಿನ ಆಸ್ಪತ್ರೆಯಲ್ಲಿ ಇದ್ದೆವು. ಕ್ರಿಯಾಟಿನಿನ್ ಪೂರ್ತಿ ಇಳಿಯಲು ಎರಡು ತಿಂಗಳು ಹಿಡಿಯಿತು.

ಹೊರಡುವವರಿಗೆ ನಾನು ಕೈಮುಗಿದು ಕೇಳಿಕೊಳ್ಳುವುದು ಇಷ್ಟು. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದವರು ಹೊರಡುವ ಮೊದಲು ನಿಮ್ಮ ಡಾಕ್ಟರಿಗೆ "ಇಷ್ಟು ದಿನ ಬಿಸಿಲಲ್ಲಿ ನಡೆಯುತ್ತೇನೆ" ಅಂತ ಹೇಳಿ, ಮಾತ್ರೆಯ ಬಗ್ಗೆ ಕೇಳಿ. ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ಅದೂ ಅಪಾಯ. ಶೀಟಿನ ಹಿಂದೆ ಬರೆದಿರುವುದನ್ನು ಓದಿ. ಪ್ಯಾರಾಸಿಟಮಾಲ್ ಅಂತ ದೊಡ್ಡದಾಗಿ ಇದ್ದರೂ ಕೆಲವದರಲ್ಲಿ ಪಕ್ಕದಲ್ಲಿ ಅಸಿಕ್ಲೋಫೆನಾಕ್ ಸೇರಿರುತ್ತದೆ, ನಾನು ತಂದಿದ್ದೂ ಅಂಥದ್ದೇ. ನೋವು ಬಂದರೆ ಕೂತುಬಿಡಿ. ಅರ್ಧ ದಿನ ಮಲಗಿ. ಆಗದಿದ್ದರೆ ಬಸ್ಸು ಹತ್ತಿ. ಮಂಜುನಾಥ ಸ್ವಾಮಿ ಬಸ್ಸಿನಲ್ಲಿ ಬಂದವರಿಗೂ ದರ್ಶನ ಕೊಡುತ್ತಾನೆ.

ಬಾಯಾರಿಕೆ ಆಗುವವರೆಗೆ ಕಾಯದೆ ಆಗಾಗ ಕುಡಿಯುತ್ತಿರಿ. ಬರೀ ನೀರೂ ಸಾಲದು, ಬೆವರಲ್ಲಿ ಉಪ್ಪು ಹೋಗಿರುತ್ತದೆ. ಒಂದು ಲೀಟರ್ ನೀರಿಗೆ ಕಲಸುವ ಓಆರ್‌ಎಸ್ ಪುಡಿಯ ಪ್ಯಾಕೆಟ್ ಇಟ್ಟುಕೊಳ್ಳಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಡಬ್ಬದಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ದಾರಿಯಲ್ಲಿ ಶೌಚಾಲಯ ಇಲ್ಲ ಅಂತ ಎಷ್ಟೋ ಹೆಣ್ಣುಮಕ್ಕಳು ನೀರೇ ಕುಡಿಯದೆ ನಡೆಯುತ್ತಾರೆ. ತಂಡದ ಹಿರಿಯರು ಎಲ್ಲೆಲ್ಲಿ ನಿಲ್ಲಬಹುದು ಅಂತ ಮೊದಲೇ ನೋಡಿಟ್ಟುಕೊಂಡರೆ ಅವರು ಧೈರ್ಯವಾಗಿ ಕುಡಿಯುತ್ತಾರೆ. ಮೂತ್ರ ಟೀ ಬಣ್ಣಕ್ಕೆ ತಿರುಗಿದರೆ ಅಥವಾ ಅರ್ಧ ದಿನ ಬರದೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ 108ಕ್ಕೆ ಫೋನ್ ಮಾಡಿ. ತಗೊಂಡ ಮಾತ್ರೆಯ ಖಾಲಿ ಶೀಟ್ ಎಸೆಯದೆ ಜೊತೆಗೆ ಒಯ್ಯಿರಿ.

ಭಾವ ಈಗ ಆರಾಮಿದ್ದಾರೆ. ನೀರು ಹೊರುವ ಟೆಂಪೋ ಜವಾಬ್ದಾರಿ ತನಗೇ ಕೊಡಿ ಅಂತ ತಂಡದವರಿಗೆ ಹೇಳಿಟ್ಟಿದ್ದಾರೆ. ಕೊಟ್ಟಿಗೆಹಾರದಿಂದ ಕೆಳಗೆ ಪ್ರತಿ ಮೂರು ಕಿ.ಮೀ.ಗೆ ಗಾಡಿ ನಿಲ್ಲಿಸಿ ಒಬ್ಬೊಬ್ಬರಿಗೂ ಲೋಟ ಕೈಗೆ ಕೊಟ್ಟು, ಕುಡಿಯುವವರೆಗೂ ಎದುರಲ್ಲೇ ನಿಂತಿರುತ್ತಾರಂತೆ.